ಲಾಕ್, ಮಾಂಟೆಸ್ಕ್ಯೂ, ರೂಸೋ: ಪುಸ್ತಕ ಬರೆದಿದ್ದಕ್ಕೇ ಸರ್ಕಾರ ಬದಲಾಯಿತಾ?

ಸಂಜೆ_ಓದು

ನಮಸ್ಕಾರ ಎಲ್ಲರಿಗೂ. ಕೆಎಎಸ್ ತಯಾರಿ ಮಾಡುತ್ತಿದ್ದೇನೆ. ರಾಜ್ಯಶಾಸ್ತ್ರದ ಯಾವ ನೋಟ್ಸ್ ತೆಗೆದರೂ ಜ್ಞಾನೋದಯ ಯುಗಕ್ಕೆ ಒಂದೇ ಕೋಷ್ಟಕ. ಲಾಕ್ ಅಂದ್ರೆ ಸಹಜ ಹಕ್ಕು. ಮಾಂಟೆಸ್ಕ್ಯೂ ಅಂದ್ರೆ ಅಧಿಕಾರ ವಿಭಜನೆ. ರೂಸೋ ಅಂದ್ರೆ ಸಾಮಾಜಿಕ ಒಪ್ಪಂದ. ವಾಲ್ಟೇರ್ ಅಂದ್ರೆ ವಾಕ್ ಸ್ವಾತಂತ್ರ್ಯ. ಪಕ್ಕದಲ್ಲಿ ಅಮೆರಿಕ 1776, ಫ್ರಾನ್ಸ್ 1789. ನಡುವೆ ಒಂದು ಬಾಣದ ಗುರುತು.

ನನಗೆ ಆ ಬಾಣದ ಮೇಲೇ ಅನುಮಾನ. ಯಾರೋ ಪುಸ್ತಕ ಬರೆದರು, ಮೂವತ್ತು ವರ್ಷ ಬಿಟ್ಟು ಸರ್ಕಾರ ಬಿತ್ತು ಅಂದರೆ ನಂಬೋದು ಹೇಗೆ? ಪರೀಕ್ಷೆಗೆ ಅಷ್ಟು ಬರೆದರೆ ಮಾರ್ಕ್ಸ್ ಬರುತ್ತದೆ, ಅದು ಬೇರೆ ವಿಷಯ. ಯಾವುದಾದರೂ ಒಂದೇ ಒಂದು ಹಕ್ಕನ್ನು ಹಿಡಿದು, ಅದು ಪುಸ್ತಕದಿಂದ ಕಾನೂನಿಗೆ ಬಂದ ದಾರಿಯನ್ನು ಯಾರಾದರೂ ತೋರಿಸ್ತೀರಾ?

ಮೈಸೂರು_ಮೇಷ್ಟ್ರು

ಒಳ್ಳೆಯ ಅನುಮಾನ. ಲಾಕ್‌ನಿಂದಲೇ ಶುರು ಮಾಡಿ, ಬಾಣ ಅಲ್ಲೇ ಉಲ್ಟಾ ಆಗುತ್ತದೆ.

ಸರ್ಕಾರದ ಬಗ್ಗೆ ಲಾಕ್ ಬರೆದ ಎರಡು ಪ್ರಬಂಧಗಳ ಪುಸ್ತಕ ಹೊರಬಂದದ್ದು 1689ರ ಕೊನೆಯಲ್ಲಿ. ಮುಖಪುಟದಲ್ಲಿ 1690 ಅಂತ ಇದೆ. ಆದರೆ ರಾಜ ಜೇಮ್ಸ್‌ನನ್ನು ಇಳಿಸಿದ ಹಾಲೆಂಡಿನ ವಿಲಿಯಂ ಸೈನ್ಯ ಸಮೇತ ಇಂಗ್ಲೆಂಡಿಗೆ ಬಂದು ಇಳಿದದ್ದು 1688ರ ನವೆಂಬರಿನಲ್ಲಿ. ಅಂದರೆ ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ರಾಜ ಜೇಮ್ಸ್ ಓಡಿಹೋಗಿ ಒಂದು ವರ್ಷ ಆಗಿತ್ತು. ಅದರಲ್ಲಿನ ಹೆಚ್ಚಿನ ಭಾಗವನ್ನು ಲಾಕ್ ಅದಕ್ಕೂ ಎಷ್ಟೋ ಮೊದಲೇ ಬರೆದಿದ್ದ. ಜೇಮ್ಸ್ ಪಟ್ಟಕ್ಕೆ ಬರಬಾರದು ಅಂತ ಜಗಳ ನಡೆಯುತ್ತಿದ್ದ ಕಾಲದಲ್ಲಿ. 1683ರಲ್ಲಿ ಜೀವಭಯದಿಂದ ಹಾಲೆಂಡಿಗೆ ಓಡಿಹೋದ. ವಾಪಸ್ ಬಂದು ಪ್ರಕಟಿಸಿದ ಮೇಲೂ ಪುಸ್ತಕಕ್ಕೆ ಹೆಸರು ಹಾಕಲಿಲ್ಲ. ನಾನೇ ಬರೆದದ್ದು ಅಂತ ಒಪ್ಪಿಕೊಂಡದ್ದು 1704ರಲ್ಲಿ, ಸಾಯುವ ಮುಂಚಿನ ಉಯಿಲಿನಲ್ಲಿ.

ಹಾಗಾಗಿ ಇಂಗ್ಲೆಂಡಿನ ಹಕ್ಕುಗಳ ಮಸೂದೆಗೆ ಲಾಕ್ ಕಾರಣ ಅಂತ ಬರೆಯಬೇಡಿ. ಆಗಿಹೋದದ್ದಕ್ಕೆ ಸಮರ್ಥನೆ ಕೊಟ್ಟ ಅನ್ನಿ. ಅವನ ಮಾತು ನಿಜವಾಗಿ ಕೆಲಸಕ್ಕೆ ಬಂದದ್ದು ಅಟ್ಲಾಂಟಿಕ್ ದಾಟಿದ ಮೇಲೆ. ಒಪ್ಪಿಗೆ ಇಲ್ಲದೆ ತೆರಿಗೆ ಹಾಕುವಂತಿಲ್ಲ, ಹಕ್ಕು ಕಾಯದ ಸರ್ಕಾರವನ್ನು ಜನ ತೆಗೆದುಹಾಕಬಹುದು ಅನ್ನೋದು ಅಮೆರಿಕದವರಿಗೆ ತಮ್ಮದೇ ಕಥೆ ಅನ್ನಿಸಿತು.

ಬೇಏರಿಯಾ_ಗೌಡ

ಮೇಷ್ಟ್ರೇ, ಇಲ್ಲಿ ಅಮೆರಿಕದಲ್ಲಿ ಶಾಲೆ ಮಕ್ಕಳಿಗೂ ಲಾಕ್ ಹೆಸರೇ ಜಾಸ್ತಿ ಹೇಳಿಕೊಡುತ್ತಾರೆ. ಆದರೆ ಸಂವಿಧಾನ ಬರೆಯುವ ಕಾಲದಲ್ಲಿ ಅವರು ಕೈಯಲ್ಲಿ ಹಿಡಿದಿದ್ದು ಮಾಂಟೆಸ್ಕ್ಯೂ. ಡೊನಾಲ್ಡ್ ಲುಟ್ಜ್ ಅನ್ನುವ ವಿದ್ವಾಂಸರು 1760ರಿಂದ 1805ರವರೆಗಿನ ಅಮೆರಿಕದ ರಾಜಕೀಯ ಬರಹಗಳಲ್ಲಿ ಯಾರ ಹೆಸರು ಎಷ್ಟು ಸಲ ಬರುತ್ತದೆ ಅಂತ ಎಣಿಸಿದ್ದಾರೆ. ಬೈಬಲ್ ಬಿಟ್ಟರೆ ಮೊದಲು ಮಾಂಟೆಸ್ಕ್ಯೂ, ಆಮೇಲೆ ಇಂಗ್ಲಿಷ್ ಕಾನೂನಿನ ಬ್ಲಾಕ್‌ಸ್ಟೋನ್, ಮೂರನೆಯವನು ಲಾಕ್. ಅದೂ ತುಂಬಾ ಹಿಂದೆ.

ತಮಾಷೆ ಏನಂದ್ರೆ, ಮಾಂಟೆಸ್ಕ್ಯೂ 1729ರಿಂದ 1731ರವರೆಗೆ ಇಂಗ್ಲೆಂಡಿನಲ್ಲಿದ್ದು, ಅಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಇರುವುದರಿಂದಲೇ ಜನ ಸ್ವತಂತ್ರರು ಅಂತ 1748ರಲ್ಲಿ ಬರೆದ. ಆದರೆ ಅಲ್ಲಿ ಮಂತ್ರಿಗಳು ಆಗಲೂ ಸಂಸತ್ತಿನಲ್ಲೇ ಕೂತಿದ್ದರು, ಈಗಲೂ ಕೂರುತ್ತಾರೆ. ಅವನು ನೋಡಿ ಬರೆದ ದೇಶದಲ್ಲಿ ಅಷ್ಟು ಖಡಾಖಂಡಿತವಾಗಿ ಇಲ್ಲದ್ದನ್ನು ಓದಿದ ದೇಶದವರು ಕಟ್ಟಿಬಿಟ್ಟರು. ಹೊಸ ಸಂವಿಧಾನವನ್ನು ಸಮರ್ಥಿಸಿ ಬಂದ ಫೆಡರಲಿಸ್ಟ್ ಬರಹಗಳ 47ನೆಯದರಲ್ಲಿ, ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಮ್ಯಾಡಿಸನ್ ಇದಕ್ಕೇ ಒದ್ದಾಡುತ್ತಾನೆ. ಮಾಂಟೆಸ್ಕ್ಯೂ ಹೇಳಿದ್ದು ಪೂರ್ತಿ ಬೇರೆ ಇರಲಿ ಅಂತಲ್ಲ, ಒಬ್ಬರ ಪೂರ್ತಿ ಅಧಿಕಾರ ಇನ್ನೊಬ್ಬರ ಕೈಗೆ ಹೋಗಬಾರದು ಅಂತ ಅಷ್ಟೇ, ಅಂತ ವಾದ ಮಾಡುತ್ತಾನೆ.

ಲಾಕ್ ಬಗ್ಗೆ ಇನ್ನೊಂದು. ಕೆರೊಲಿನಾ ವಸಾಹತಿನ ಒಡೆಯರಿಗೆ ಅವನು ಕಾರ್ಯದರ್ಶಿ ಆಗಿದ್ದ. 1669ರ ಅಲ್ಲಿಯ ಮೂಲ ಶಾಸನದ ಕರಡಿನಲ್ಲಿ ಅವನ ಕೈಯೂ ಇತ್ತು. ಕಪ್ಪು ಗುಲಾಮರ ಮೇಲೆ ಒಡೆಯನಿಗೆ ಸಂಪೂರ್ಣ ಅಧಿಕಾರ ಅಂತ ಅದರಲ್ಲೇ ಇದೆ. ಕೋಷ್ಟಕದಲ್ಲಿ ಇದಕ್ಕೆ ಕಾಲಮ್ ಇರೋದಿಲ್ಲ ಅಲ್ವಾ?

ಕೋರ್ಟ್‌ಹಾಲ್_ಮೂಲೆ

ಸಂಜೆ ಓದು ಅವರೇ, ನಾನು ಜಿಲ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕಡೆ ವಕೀಲಿ ಮಾಡುತ್ತೇನೆ. ನೀವು ಕೇಳಿದ ದಾರಿ ತೋರಿಸಬೇಕಾದರೆ ದೊಡ್ಡ ಸಿದ್ಧಾಂತ ಬಿಟ್ಟು ಒಂದು ಕೇಸು ಹಿಡಿಯಬೇಕು. ಆರೋಪಿಯ ಹಕ್ಕು ಅನ್ನೋದು ಯುರೋಪಿನಲ್ಲಿ ಬೆಳೆದದ್ದಕ್ಕೆ ಕಣ್ಣಿಗೆ ಕಾಣುವ ದಾರಿ ಇದೆ. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

1761ರ ಅಕ್ಟೋಬರ್ 13, ಫ್ರಾನ್ಸಿನ ಟುಲೂಸ್ ಪಟ್ಟಣ. ಝಾನ್ ಕಲಾಸ್ ಅಂತ ಒಬ್ಬ ಬಟ್ಟೆ ವ್ಯಾಪಾರಿ, ವಯಸ್ಸು 63. ಕೆಳಗೆ ಅಂಗಡಿ, ಮೇಲೆ ಮನೆ. ಪ್ರಾಟೆಸ್ಟೆಂಟ್ ಕುಟುಂಬ. ಆಗ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಮದುವೆಗೂ ಕಾನೂನಿನ ಮಾನ್ಯತೆ ಇರಲಿಲ್ಲ. ದೊಡ್ಡ ಮಗ ಮಾರ್ಕ್ ಆಂಟ್ವಾನ್‌ಗೆ 28 ವರ್ಷ. ಕಾನೂನು ಓದಿದ್ದ. ಆದರೆ ಕ್ಯಾಥೊಲಿಕ್ ಅಂತ ಪಾದ್ರಿಯ ಸರ್ಟಿಫಿಕೇಟ್ ಇಲ್ಲದೆ ವಕೀಲನಾಗುವಂತಿಲ್ಲ. ಸುಮ್ನೆ ಅಪ್ಪನ ಅಂಗಡಿಯಲ್ಲಿ ಕೂತಿದ್ದ.

ಆ ರಾತ್ರಿ ಊಟಕ್ಕೆ ಪರಿಚಯದ ಹುಡುಗ ಲವೇಸ್ ಬಂದಿದ್ದ. ಮಾರ್ಕ್ ಊಟದ ನಡುವೆ ಎದ್ದು ಕೆಳಗೆ ಹೋದ. ಅತಿಥಿ ಹೊರಟಾಗ ತಮ್ಮ ದೀಪ ಹಿಡಿದು ಇಳಿದು ನೋಡಿದರೆ ಅಂಗಡಿಯಲ್ಲಿ ಅಣ್ಣನ ಹೆಣ. ಕಿರುಚಾಟ ಕೇಳಿ ಬೀದಿಯಲ್ಲಿ ಜನ ಸೇರಿದರು. ಗುಂಪಿನಲ್ಲಿ ಯಾರೋ ಒಬ್ಬರು ಕೂಗಿದರು: ನಾಳೆ ಕ್ಯಾಥೊಲಿಕ್ ಆಗುವವನಿದ್ದ, ಅದಕ್ಕೇ ಮನೆಯವರೇ ಕೊಂದರು. ಅಷ್ಟೇ. ಊರಿನ ನ್ಯಾಯಾಧಿಕಾರಿ ದಾವೀದ್ ದ ಬೋದ್ರಿಗ್ ಸ್ಥಳದ ಮಹಜರನ್ನು ಕೂಡ ನೆಟ್ಟಗೆ ಮಾಡದೆ ಮನೆಯಲ್ಲಿದ್ದವರನ್ನೆಲ್ಲ ಹಿಡಿದುಕೊಂಡು ಹೋದ. ಅತಿಥಿಯನ್ನೂ ಸೇರಿಸಿ, ಕ್ಯಾಥೊಲಿಕ್ ಆಗಿದ್ದ ಮುದುಕಿ ಕೆಲಸದವಳನ್ನೂ ಸೇರಿಸಿ.

ಮನೆಯವರು ಮೊದಲು, ಹೆಣ ನೆಲದ ಮೇಲೆ ಬಿದ್ದಿತ್ತು ಅಂದರು. ಆಮೇಲೆ, ನೇಣು ಹಾಕಿಕೊಂಡಿದ್ದ ಅಂದರು. ಹೇಳಿಕೆ ಬದಲಾಯಿಸಿದ್ದೇ ಅವರಿಗೆ ಮುಳುವಾಯಿತು. ಯಾಕೆ ಮುಚ್ಚಿಟ್ಟರು ಗೊತ್ತಾ? ಆತ್ಮಹತ್ಯೆ ಅಂತ ಆದರೆ ಹೆಣದ ಮೇಲೇ ಕೇಸು ನಡೆಸಿ, ಬೀದಿಯಲ್ಲಿ ಮುಖ ಅಡಿಯಾಗಿ ಎಳೆದುಕೊಂಡು ಹೋಗುತ್ತಿದ್ದರು. ಮಗನಿಗೆ ಆ ಗತಿ ಬೇಡ ಅಂತ ಅಪ್ಪ ಸುಳ್ಳು ಹೇಳಿಸಿದ.

ಇನ್ನು ವಿಚಾರಣೆ. ಲೂಯಿ 14ರ ಕಾಲದ 1670ರ ಕ್ರಿಮಿನಲ್ ಶಾಸನ ಜಾರಿಯಲ್ಲಿತ್ತು. ಎಲ್ಲ ಗುಟ್ಟಾಗಿ. ಸಾಕ್ಷಿಗಳು ಏನು ಹೇಳಿದರು ಅಂತ ಆರೋಪಿಗೆ ಮುಂಚೆ ಗೊತ್ತಾಗುವುದಿಲ್ಲ. ಪ್ರಾಣ ಹೋಗುವ ಕೇಸಿನಲ್ಲಿ ವಕೀಲನನ್ನು ಇಟ್ಟುಕೊಳ್ಳುವಂತಿಲ್ಲ. ಚರ್ಚುಗಳಲ್ಲಿ ಒಂದು ಪ್ರಕಟಣೆ ಓದಿಸಿದರು, ಗೊತ್ತಿದ್ದವರು ಬಂದು ಹೇಳಬೇಕು ಅಂತ. ಆ ಪ್ರಕಟಣೆ ಬರೆದ ರೀತಿಯಲ್ಲೇ ಕೊಲೆ ಆಗಿದೆ ಅಂತ ತೀರ್ಮಾನ ಆಗಿಬಿಟ್ಟಿತ್ತು. ಬಂದ ಸಾಕ್ಷಿಗಳೆಲ್ಲ ಅವರಿವರು ಹೇಳಿದ್ದನ್ನು ಕೇಳಿದವರು.

ಟುಲೂಸಿನ ಉಚ್ಚ ನ್ಯಾಯಾಲಯದಲ್ಲಿ 13 ಜನ ನ್ಯಾಯಾಧೀಶರು. 8 ಜನ ಮರಣದಂಡನೆ ಅಂದರು, 5 ಜನ ಒಪ್ಪಲಿಲ್ಲ. 1762ರ ಮಾರ್ಚ್ 10ರಂದು ಕಲಾಸ್‌ನ ಮೈ ಎಳೆದು, ಬಾಯಿಗೆ ಕೊಡಗಟ್ಟಲೆ ನೀರು ಸುರಿದು, ಜೊತೆಗಾರರ ಹೆಸರು ಹೇಳು ಅಂದರು. ಹೇಳಲಿಲ್ಲ. ಆಮೇಲೆ ಚಕ್ರಕ್ಕೆ ಕಟ್ಟಿ ಮೂಳೆ ಮುರಿದರು. ಎರಡು ಗಂಟೆ ಹಾಗೇ ಬಿಟ್ಟು, ಕತ್ತು ಹಿಸುಕಿ, ಸುಟ್ಟರು. ಕೊನೆಯವರೆಗೂ ನಾನು ನಿರಪರಾಧಿ ಅಂದ.

ಆಮೇಲೆ ಕೋರ್ಟಿಗೆ ಸಂಕಟ ಶುರುವಾಯಿತು. ಅವತ್ತು ಸಂಜೆ ಎಲ್ಲರೂ ಒಟ್ಟಿಗೇ ಇದ್ದರು. ಅಪ್ಪ ಕೊಂದಿದ್ದರೆ ಉಳಿದವರೂ ಕೊಂದಿರಬೇಕು. ಅವರು ಕೊಂದಿಲ್ಲ ಅಂದರೆ ಅಪ್ಪನೂ ಕೊಂದಿಲ್ಲ. ಮುದುಕ ಬಾಯಿ ಬಿಡುತ್ತಾನೆ ಅಂತ ನಂಬಿ ಕೂತಿದ್ದ ಕೋರ್ಟು ಕೊನೆಗೆ ತಮ್ಮನನ್ನು ಗಡಿಪಾರು ಮಾಡಿ, ಉಳಿದವರನ್ನು ಬಿಟ್ಟುಕಳಿಸಿತು.

ರಾಗಿರೊಟ್ಟಿ

ಅಬ್ಬಾ. ಊಟ ಮಾಡುತ್ತಾ ಓದಬಾರದಿತ್ತು. ಇದರಲ್ಲಿ ತತ್ವಜ್ಞಾನಿ ಎಲ್ಲಿ ಬಂದ ಸರ್?

ಕೋರ್ಟ್‌ಹಾಲ್_ಮೂಲೆ

ಬರುತ್ತಾನೆ. ವಾಲ್ಟೇರ್ ಆಗ ಜಿನೀವಾ ಗಡಿಯ ಹತ್ತಿರ ಫೆರ್ನಿಯಲ್ಲಿದ್ದ. 68ರ ಹತ್ತಿರದ ವಯಸ್ಸು, ಸಾಹುಕಾರ, ರಾಜರಾಣಿಯರ ಜೊತೆ ಪತ್ರವ್ಯವಹಾರ. ಸುದ್ದಿ ಕೇಳಿದಾಗ ಮೊದಲು ಅವನೂ ನಂಬಿರಲಿಲ್ಲ, ಅಪ್ಪ ಮತಾಂಧನೋ, ನ್ಯಾಯಾಧೀಶರು ಮತಾಂಧರೋ, ಎರಡರಲ್ಲಿ ಒಂದು ಅಂದುಕೊಂಡಿದ್ದ. ಕಲಾಸ್‌ನ ಇನ್ನೊಬ್ಬ ಮಗ ಜಿನೀವಾಕ್ಕೆ ಓಡಿಬಂದಿದ್ದ. ಅವನನ್ನು ಕರೆಸಿ ಮಾತಾಡಿಸಿದ. ಆಮೇಲೆ ಬಿಡಲಿಲ್ಲ.

ಅವನು ಮಾಡಿದ ಕೆಲಸ ನೋಡಿ. ಮೊದಲು ಸಿದ್ಧಾಂತ ಬರೆಯಲಿಲ್ಲ. ಕಲಾಸ್‌ನ ಹೆಂಡತಿಯನ್ನು ಪ್ಯಾರಿಸ್‌ಗೆ ಕಳಿಸಿದ, ವಕೀಲರನ್ನು ಗೊತ್ತುಮಾಡಿದ, ಮನೆಯವರ ಹೆಸರಿನಲ್ಲಿ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿದ. ಕೇಳಿದ್ದು ಒಂದೇ: ಟುಲೂಸಿನವರು ಕಡತ ಹೊರಗೆ ತೆಗೆಯಲಿ. 1763ರ ಮಾರ್ಚಿನಲ್ಲಿ ರಾಜನ ಪರಿಷತ್ತು ಕಡತ ಕಳಿಸಿ ಅಂತ ಆದೇಶ ಮಾಡಿತು. ಸಹಿಷ್ಣುತೆಯ ಬಗ್ಗೆ ಅವನ ಪುಸ್ತಕ ಬಂದದ್ದು ಆ ವರ್ಷ, ಕೇಸಿನ ನಡುವೆ. 1765ರ ಮಾರ್ಚ್ 9ರಂದು, ಶಿಕ್ಷೆ ಬರೆದು ಸರಿಯಾಗಿ ಮೂರು ವರ್ಷಕ್ಕೆ, 40 ನ್ಯಾಯಾಧೀಶರು ಒಮ್ಮತದಿಂದ ಕಲಾಸ್ ನಿರಪರಾಧಿ ಅಂದರು. ರಾಜ ಮನೆಯವರಿಗೆ 36,000 ಲಿವ್ರ್ (ಆಗಿನ ಫ್ರೆಂಚ್ ಹಣ) ಕೊಟ್ಟ.

ನನ್ನಂಥವನಿಗೆ ತುಂಬಾ ರುಚಿಸುವುದು ಪುರಾವೆಯ ಬಗ್ಗೆ ವಾಲ್ಟೇರ್ ಮಾಡಿದ ಗೇಲಿ. ಟುಲೂಸಿನಲ್ಲಿ ಕಾಲು ಪುರಾವೆ, ಅರೆಕಾಲು ಪುರಾವೆ ಅಂತ ಲೆಕ್ಕ ಇತ್ತಂತೆ. ಒಂದು ಗಾಳಿಮಾತು ಕಾಲು. ಅದಕ್ಕಿಂತ ಮಸುಕಾದ ಗಾಳಿಮಾತು ಅರೆಕಾಲು. ಸಂತೆಯಲ್ಲಿ ಚಿಲ್ಲರೆ ಬಟ್ಟು ಕೂಡಿಸಿ ಸೇರು ಮಾಡಿದ ಹಾಗೆ, ಎಂಟು ಅರೆಕಾಲು ಸೇರಿದರೆ ಪೂರ್ತಿ ಪುರಾವೆ, ಆಳು ಸತ್ತ. ಇದನ್ನು ಅವನು ಬರೆದದ್ದು ಬೆಕಾರಿಯಾನ ಪುಸ್ತಕಕ್ಕೆ ಬರೆದ ವ್ಯಾಖ್ಯಾನದಲ್ಲಿ, 1766ರಲ್ಲಿ.

ಚೆಸಾರೆ ಬೆಕಾರಿಯಾ ನಿಮ್ಮ ಕೋಷ್ಟಕದಲ್ಲಿ ಇಲ್ಲದ ಹೆಸರು. ನನ್ನ ಮಟ್ಟಿಗೆ ಆ ಕಾಲದವರಲ್ಲಿ ಸರ್ಕಾರದ ಕೈಯನ್ನು ನಿಜವಾಗಿ ಕಟ್ಟಿದವನು ಅವನೇ. ಮಿಲಾನಿನವನು. ಅಪರಾಧ ಮತ್ತು ಶಿಕ್ಷೆಗಳ ಬಗ್ಗೆ ಆ ಸಣ್ಣ ಪುಸ್ತಕ 1764ರಲ್ಲಿ ಲಿವೊರ್ನೊದಲ್ಲಿ ಹೆಸರಿಲ್ಲದೆ ಅಚ್ಚಾದಾಗ ಅವನಿಗೆ 26. ಸೋಮಾರಿ ಮನುಷ್ಯ. ಗೆಳೆಯ ಪಿಯೆತ್ರೊ ವೆರಿ ಬೆನ್ನು ಹತ್ತಿ ಬರೆಸಿದ. ಪಿಯೆತ್ರೊನ ತಮ್ಮ ಅಲೆಸಾಂಡ್ರೊ ಕೈದಿಗಳ ಅಹವಾಲು ಕೇಳುವ ಅಧಿಕಾರಿ. ಜೈಲಿನೊಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದದ್ದು ಅವನಿಗೆ.

ಚಿತ್ರಹಿಂಸೆಯ ಬಗ್ಗೆ ಬೆಕಾರಿಯಾನ ವಾದ ಇಷ್ಟು. ಅಪರಾಧ ಸಾಬೀತಾಗಿದ್ದರೆ ಶಿಕ್ಷೆ ಕೊಡಿ, ಹಿಂಸೆ ಯಾಕೆ? ಸಾಬೀತಾಗಿಲ್ಲ ಅಂದರೆ ಅವನು ನಿರಪರಾಧಿ, ನಿರಪರಾಧಿಗೆ ಹಿಂಸೆ ಕೊಡೋದು ಹೇಗೆ? ಹಿಂಸೆಯಿಂದ ಗಟ್ಟಿ ಮೈಯ ಕಳ್ಳ ಬಿಡುಗಡೆ ಆಗುತ್ತಾನೆ, ಬಡಕಲು ನಿರಪರಾಧಿ ಸಾಯುತ್ತಾನೆ. ಧರ್ಮ, ಕರುಣೆ ಯಾವುದನ್ನೂ ಎಳೆದು ತರದ ವಾದ. ಎದುರಾಳಿ ಎದ್ದು ಏನು ಉತ್ತರ ಹೇಳಬೇಕು ಹೇಳಿ?

ಆಮೇಲಿನದು ದಾಖಲೆ. ಸ್ವೀಡನ್ 1772ರಲ್ಲಿ, ಆಸ್ಟ್ರಿಯಾ 1776ರಲ್ಲಿ ಚಿತ್ರಹಿಂಸೆ ತೆಗೆದುಹಾಕಿದವು. ಫ್ರಾನ್ಸ್ ತಪ್ಪೊಪ್ಪಿಗೆಗೆ ಕೊಡುವ ಹಿಂಸೆಯನ್ನು 1780ರಲ್ಲಿ ನಿಲ್ಲಿಸಿತು. ಟಸ್ಕನಿಯ ದೊರೆ ಲಿಯೊಪೋಲ್ಡ್ 1786ರಲ್ಲಿ ಮರಣದಂಡನೆಯನ್ನೇ ರದ್ದು ಮಾಡಿದ. 1789ರ ಅಕ್ಟೋಬರಿನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಆರೋಪಿಗೆ ವಕೀಲನನ್ನು ಕೊಟ್ಟು, ವಿಚಾರಣೆಯನ್ನು ಬಹಿರಂಗ ಮಾಡಿತು. ಆ ವರ್ಷದ ಆಗಸ್ಟಿನ ಹಕ್ಕುಗಳ ಘೋಷಣೆಯ 8 ಮತ್ತು 9ನೇ ವಿಧಿ ಓದಿ. ಅಗತ್ಯಕ್ಕಿಂತ ಹೆಚ್ಚು ಶಿಕ್ಷೆ ಇಲ್ಲ, ಸಾಬೀತಾಗುವವರೆಗೆ ನಿರಪರಾಧಿ. ಬೆಕಾರಿಯಾನ ದನಿ ಅಲ್ಲಿ ನೇರವಾಗಿ ಕೇಳುತ್ತದೆ. ನಮ್ಮ ಸಂವಿಧಾನದ 20(3) (ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸುವಂತಿಲ್ಲ) ಮತ್ತು 22(1) (ಬಂಧಿತನಿಗೆ ವಕೀಲನ ಹಕ್ಕು) ಹಿಡಿದು ನಾನು ದಿನಾ ವಾದ ಮಾಡುವಾಗ ಇವನ ಹೆಸರು ಯಾರೂ ಎತ್ತುವುದಿಲ್ಲ.

ಬೇಏರಿಯಾ_ಗೌಡ

ವಕೀಲರೇ, ಇದಕ್ಕೊಂದು ಸೇರಿಸುತ್ತೇನೆ. 1770ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸಿಪಾಯಿಗಳು ಗುಂಪಿನ ಮೇಲೆ ಗುಂಡು ಹಾರಿಸಿ ಐದು ಜನ ಸತ್ತರು. ಸಿಪಾಯಿಗಳ ಪರ ನಿಂತ ವಕೀಲ ಜಾನ್ ಆಡಮ್ಸ್, ಮುಂದೆ ಎರಡನೇ ಅಧ್ಯಕ್ಷನಾದವನು. ಅವನು ವಾದ ಶುರು ಮಾಡಿದ್ದೇ ಬೆಕಾರಿಯಾನ ಮಾತಿನಿಂದ. ಒಂದು ಜೀವ ಉಳಿಸಿದರೆ ಸಾಕು, ಜಗತ್ತೆಲ್ಲ ಉಗಿದರೂ ಚಿಂತೆ ಇಲ್ಲ ಅನ್ನುವ ಅರ್ಥದ ಮಾತು. ಎಂಟು ಸಿಪಾಯಿಗಳಲ್ಲಿ ಆರು ಜನ ಬಿಡುಗಡೆ ಆದರು. ಜೆಫರ್ಸನ್ ಕೂಡ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬೆಕಾರಿಯಾನಿಂದ ಸಾಲುಸಾಲು ಬರೆದುಕೊಂಡಿದ್ದ.

ಲೆಕ್ಕಪತ್ರ

ಎಲ್ಲರೂ ತಲೆದೂಗುತ್ತಿದ್ದೀರಿ, ನಾನು ಸ್ವಲ್ಪ ಕಲ್ಲು ಹಾಕುತ್ತೇನೆ.

ಪ್ರಷ್ಯಾದ ಫ್ರೆಡರಿಕ್ ಗದ್ದುಗೆ ಏರಿದ ಮೊದಲ ವಾರದಲ್ಲೇ, 1740ರಲ್ಲಿ, ಕೆಲವು ಅಪರಾಧ ಬಿಟ್ಟು ಚಿತ್ರಹಿಂಸೆ ನಿಲ್ಲಿಸಿದ. ಆಗ ಬೆಕಾರಿಯಾಗೆ ಎರಡು ವರ್ಷ! ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಅದು ಇರಲೇ ಇಲ್ಲ. ಫ್ರಾನ್ಸಿನಲ್ಲೂ ಕೋರ್ಟುಗಳು ಅಷ್ಟು ಹೊತ್ತಿಗೆ ಅದನ್ನು ಕಡಿಮೆ ಮಾಡುತ್ತಾ ಬಂದಿದ್ದವು. ಹಳೇ ಕಾಲದಲ್ಲಿ ಪ್ರಾಣದಂಡನೆಗೆ ಪೂರ್ತಿ ಪುರಾವೆ ಬೇಕಿತ್ತು, ಅಂದರೆ ಇಬ್ಬರು ಕಣ್ಣಾರೆ ಕಂಡವರು, ಇಲ್ಲವೇ ತಪ್ಪೊಪ್ಪಿಗೆ. ಅದಕ್ಕೇ ಹಿಂಸೆ. ಯಾವಾಗ ಕಮ್ಮಿ ಪುರಾವೆಗೆ ಹಡಗಿನ ಹುಟ್ಟು ಹಾಕುವ ಶಿಕ್ಷೆ, ದುಡಿಸುವ ಶಿಕ್ಷೆ ಕೊಡಬಹುದು ಅಂತಾಯಿತೋ ಆಗ ಹಿಂಸೆಯ ಗರಜೇ ತಪ್ಪಿತು. ಇದು ಆಡಳಿತದ ಲೆಕ್ಕ, ತತ್ವ ಅಲ್ಲ.

1789ರದ್ದೂ ಅಷ್ಟೇ. ಖಜಾನೆ ಖಾಲಿ, ಅಮೆರಿಕದ ಯುದ್ಧದ ಸಾಲ, 1788ರ ಬೆಳೆ ಹಾಳು, ರೊಟ್ಟಿಯ ಬೆಲೆ. ರೂಸೋನ ಪುಸ್ತಕ ಓದಿ ಯಾರೂ ಬಾಸ್ತೀಲ್‌ಗೆ ಹೋಗಲಿಲ್ಲ. 1750ರಿಂದ 1780ರವರೆಗಿನ 500 ಖಾಸಗಿ ಗ್ರಂಥಾಲಯಗಳ ಪಟ್ಟಿಗಳನ್ನು ದಾನಿಯೆಲ್ ಮೊರ್ನೆ ಅನ್ನುವ ವಿದ್ವಾಂಸ ಹುಡುಕಿದಾಗ ಸಾಮಾಜಿಕ ಒಪ್ಪಂದದ ಒಂದೇ ಒಂದು ಪ್ರತಿ ಸಿಕ್ಕಿತು.

ಮೈಸೂರು_ಮೇಷ್ಟ್ರು

ಮೊರ್ನೆಯ ಲೆಕ್ಕ ಸರಿ. ಆದರೆ ಅವು ಹರಾಜಿಗೆಂದು ಅಚ್ಚಾದ ಪಟ್ಟಿಗಳು. ಪುಸ್ತಕಕ್ಕೆ ನಿಷೇಧ ಇತ್ತು. ನಿಷೇಧ ಆದ ಪುಸ್ತಕವನ್ನು ಸರ್ಕಾರ ನೋಡುವ ಪಟ್ಟಿಯಲ್ಲಿ ಯಾರು ಹಾಕುತ್ತಾರೆ? ಸ್ವಿಟ್ಜರ್ಲೆಂಡಿನಿಂದ ಕಳ್ಳಸಾಗಣೆಯಲ್ಲಿ ಎಷ್ಟು ಪುಸ್ತಕ ಬರುತ್ತಿತ್ತು ಅನ್ನೋದನ್ನು ರಾಬರ್ಟ್ ಡಾರ್ನ್‌ಟನ್ ಪುಸ್ತಕ ವ್ಯಾಪಾರಿಗಳ ಪತ್ರಗಳಿಂದಲೇ ತೋರಿಸಿದ್ದಾರೆ.

ಕೋರ್ಟ್‌ಹಾಲ್_ಮೂಲೆ

ಲೆಕ್ಕಪತ್ರ ಅವರೇ, ಫ್ರೆಡರಿಕ್ 1740ಕ್ಕೆ ಮೊದಲೇ ವಾಲ್ಟೇರ್ ಜೊತೆ ನಾಲ್ಕು ವರ್ಷದಿಂದ ಪತ್ರ ಬರೆಯುತ್ತಿದ್ದವನು. ಹಾಗಾಗಿ ನಿಮ್ಮ ಉದಾಹರಣೆ ನನ್ನ ಕಡೆಗೂ ಸಾಕ್ಷಿ ಹೇಳುತ್ತದೆ.

ಆಡಳಿತದ ಅನುಕೂಲದಿಂದ ಹಿಂಸೆ ಕಡಿಮೆ ಆಯಿತು ಅನ್ನೋದು ನಿಜವೇ ಇರಲಿ. ಆದರೆ ಅನುಕೂಲಕ್ಕೆ ಬಿಟ್ಟದ್ದನ್ನು ಅನುಕೂಲ ಬಂದಾಗ ಮತ್ತೆ ಹಿಡಿಯಬಹುದು. ಅದನ್ನು ಹಕ್ಕು ಅಂತ ಬರೆದಿಡೋದು ಬೇರೆ. ಮಾಂಟೆಸ್ಕ್ಯೂ ಇದನ್ನು ಚೆನ್ನಾಗಿ ಹಿಡಿದಿದ್ದಾನೆ. ಎಲ್ಲರೂ ಅವನ 1748ರ ಪುಸ್ತಕದ 11ನೇ ಭಾಗ ಓದಿ ಅಧಿಕಾರ ವಿಭಜನೆ ಅಂತ ಪುಸ್ತಕ ಮುಚ್ಚುತ್ತಾರೆ. 12ನೇ ಭಾಗದಲ್ಲಿ ಅವನು ಹೇಳೋದು, ಪ್ರಜೆಯ ಸ್ವಾತಂತ್ರ್ಯ ನಿಂತಿರೋದು ಕ್ರಿಮಿನಲ್ ಕಾನೂನು ಒಳ್ಳೆಯದಾಗಿರುವುದರ ಮೇಲೆ ಅಂತ. ಅವನು ಸ್ವತಃ ಬೋರ್ಡೋ ಕೋರ್ಟಿನಲ್ಲಿ ದೊಡ್ಡ ನ್ಯಾಯಾಧೀಶನಾಗಿದ್ದವನು, 1726ರಲ್ಲಿ ಹುದ್ದೆಯನ್ನು ಮಾರಿದ. ಹುದ್ದೆ ಮಾರುವುದು ಆಗ ಕಾನೂನುಬದ್ಧ! ಚಿತ್ರಹಿಂಸೆಯ ಬಗ್ಗೆ ಬರೆಯುತ್ತಾ, ನಿರಂಕುಶ ರಾಜ್ಯಗಳಿಗೆ ಇದು ಹೊಂದಬಹುದೇನೋ ಅಂತ ಹೇಳಹೊರಟವನು, ಪ್ರಕೃತಿಯ ದನಿ ನನ್ನ ವಿರುದ್ಧ ಕೂಗುತ್ತಿದೆ ಅಂತ ಅರ್ಧಕ್ಕೇ ನಿಲ್ಲಿಸುತ್ತಾನೆ. ಬೆಕಾರಿಯಾ ಮಾಂಟೆಸ್ಕ್ಯೂನನ್ನು ಓದಿಯೇ ಈ ಕಡೆ ತಿರುಗಿದವನು.

ಮಲೆನಾಡು_ಮಳೆ

ಆರೋಪಿಯ ಹಕ್ಕು ಸರಿ, ಆರೋಪಿ ಹೆಂಗಸಾದರೆ? ಇಷ್ಟು ಹೊತ್ತು ಒಂದು ಹೆಣ್ಣಿನ ಹೆಸರೂ ಬರಲಿಲ್ಲ.

ರೂಸೋ 1762ರಲ್ಲಿ ಎರಡು ಪುಸ್ತಕ ಬರೆದ. ಒಂದರಲ್ಲಿ ಮನುಷ್ಯ ಹುಟ್ಟುವಾಗ ಸ್ವತಂತ್ರ, ಎಲ್ಲೆಲ್ಲೂ ಸಂಕೋಲೆಯಲ್ಲಿದ್ದಾನೆ ಅಂದ. ಇನ್ನೊಂದು ಎಮಿಲ್ ಅನ್ನುವ ಹುಡುಗನ ಶಿಕ್ಷಣದ ಬಗ್ಗೆ. ಅದರಲ್ಲಿ ಸೋಫಿ ಅನ್ನುವ ಹುಡುಗಿ ಕಲಿಯಬೇಕಾದ್ದು ಗಂಡಸರನ್ನು ಮೆಚ್ಚಿಸೋದು, ಅವರಿಗೆ ಉಪಯೋಗಕ್ಕೆ ಬರೋದು. ಮಕ್ಕಳ ಶಿಕ್ಷಣದ ಬಗ್ಗೆ ಇಷ್ಟೆಲ್ಲ ಬರೆದವನು ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟಿದ್ದ. ಅದನ್ನು ನಾನು ಸುಮ್ನೆ ಚುಚ್ಚೋಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಚುಚ್ಚೋಕೂ ಹೌದು.

1789ರ ಘೋಷಣೆಯ 6ನೇ ವಿಧಿ ಪೂರ್ತಿ ರೂಸೋ ಮಾತು: ಕಾನೂನು ಅಂದರೆ ಜನರ ಸಾಮಾನ್ಯ ಇಚ್ಛೆ. ಆದರೆ 1791ರ ಸಂವಿಧಾನದಲ್ಲಿ ಮತ ಹಾಕಬಹುದಾದವರು 25 ವರ್ಷ ದಾಟಿದ ಗಂಡಸರು, ಅದರಲ್ಲೂ ಮೂರು ದಿನದ ಕೂಲಿಯಷ್ಟು ತೆರಿಗೆ ಕಟ್ಟುವವರು. ಮನೆಗೆಲಸದವರಿಗೆ ಇಲ್ಲ. ಹೆಂಗಸರಿಗಂತೂ ಇಲ್ಲವೇ ಇಲ್ಲ. ಆ ವರ್ಷವೇ ಒಲಿಂಪ್ ದ ಗೂಜ್ ಘೋಷಣೆಯ 17 ವಿಧಿಗಳನ್ನೂ ಹೆಂಗಸರಿಗೆ ಅನ್ವಯಿಸಿ ಬರೆದಳು. 10ನೇ ವಿಧಿಯಲ್ಲಿ ಅವಳ ವಾದ, ಗಲ್ಲಿನ ಕಟ್ಟೆ ಏರುವ ಹಕ್ಕು ಹೆಣ್ಣಿಗೆ ಇದೆ ಅಂದಮೇಲೆ ಭಾಷಣದ ಕಟ್ಟೆ ಏರುವ ಹಕ್ಕೂ ಇರಬೇಕು ಅಂತ. ಮೊದಲನೆಯದನ್ನು 1793ರ ನವೆಂಬರ್ 3ರಂದು ಅವಳಿಗೆ ಕೊಟ್ಟರು. ಹೆಂಗಸರ ರಾಜಕೀಯ ಸಂಘಗಳನ್ನು ಮುಚ್ಚಿ ಆಗ ನಾಲ್ಕು ದಿನ ಆಗಿತ್ತು. ಎರಡನೆಯದು ಅನ್ನಿ, ಮತದಾನ ಅನ್ನಿ, ಫ್ರಾನ್ಸಿನ ಹೆಂಗಸರಿಗೆ 1944ರ ಆದೇಶದವರೆಗೆ ಸಿಗಲಿಲ್ಲ.

ಗಂಡಸರಲ್ಲಿ ನೆಟ್ಟಗೆ ಯೋಚಿಸಿದವನು ಕೊಂಡೋರ್ಸೆ. 1790ರಲ್ಲೇ ಹೆಂಗಸರಿಗೆ ಪೌರತ್ವದ ಹಕ್ಕು ಕೊಡಿ ಅಂತ ಬರೆದ. ಅವನೂ 1794ರಲ್ಲಿ ಜೈಲಿನಲ್ಲಿ ಸತ್ತ.

ರಾಗಿರೊಟ್ಟಿ

ಹೈಟಿ ಬಿಟ್ಟಿರಿ. ಆಗ ಅದು ಸ್ಯಾಂ ಡೊಮಾಂಗ್ ಅನ್ನುವ ಫ್ರೆಂಚ್ ವಸಾಹತು, ಸಕ್ಕರೆ ತೋಟಗಳಲ್ಲಿ ಐದು ಲಕ್ಷದ ಹತ್ತಿರ ಗುಲಾಮರು. 1789ರ ಘೋಷಣೆ ಅವರಿಗೆ ಅನ್ವಯ ಆಗುತ್ತದೆ ಅಂತ ರಾಷ್ಟ್ರೀಯ ಸಭೆ ಒಪ್ಪಲಿಲ್ಲ. 1791ರ ಆಗಸ್ಟಿನಲ್ಲಿ ಅವರೇ ದಂಗೆ ಎದ್ದರು. 1794ರಲ್ಲಿ ಫ್ರಾನ್ಸ್ ಗುಲಾಮಗಿರಿ ರದ್ದು ಮಾಡಿತು, 1802ರಲ್ಲಿ ನೆಪೋಲಿಯನ್ ವಾಪಸ್ ತಂದ, 1804ರ ಜನವರಿ 1ರಂದು ಹೈಟಿ ಸ್ವತಂತ್ರ ಆಯಿತು. ಘೋಷಣೆಯನ್ನು ಅಕ್ಷರಶಃ ತೆಗೆದುಕೊಂಡವರು ಇವರೊಬ್ಬರೇ ಅಂತ ನನಗನ್ನಿಸುತ್ತದೆ.

ಮಂಡ್ಯದ್_ಹೈದ

ನಮ್ಮ ಶ್ರೀರಂಗಪಟ್ಟಣದಲ್ಲೂ 1797ರಲ್ಲಿ ಫ್ರೆಂಚರ ಜಾಕೋಬಿನ್ ಕ್ಲಬ್ (ಕ್ರಾಂತಿ ಬೆಂಬಲಿಗರ ಸಂಘ) ಇತ್ತು, ಸ್ವಾತಂತ್ರ್ಯದ ಮರ ನೆಟ್ಟಿದ್ದರು, ಟಿಪ್ಪುವನ್ನು ನಾಗರಿಕ ಟಿಪ್ಪು ಅಂತ ಕರೆದರು ಅಂತಾರಲ್ಲ, ನಿಜಾನಾ ಮೇಷ್ಟ್ರೇ?

ಮೈಸೂರು_ಮೇಷ್ಟ್ರು

ರಿಪೋ ಅನ್ನುವ ಫ್ರೆಂಚ್ ಸಾಹಸಿ ಬಂದಿದ್ದು, ಟಿಪ್ಪು ಮಾರಿಷಸ್‌ಗೆ ದೂತರನ್ನು ಕಳಿಸಿದ್ದು ನಿಜ. ಕ್ಲಬ್ಬಿನ ಕಾಗದಪತ್ರ ಮಾತ್ರ 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಸಿಕ್ಕಿ, ಅವರೇ ಅಚ್ಚು ಹಾಕಿಸಿದ್ದು. ಯುದ್ಧಕ್ಕೆ ನೆಪ ಬೇಕಾಗಿದ್ದವರು ತೋರಿಸಿದ ದಾಖಲೆ. ಅದರ ಮೇಲೆ ಸಂಶಯ ಪಟ್ಟ ಇತಿಹಾಸಕಾರರಿದ್ದಾರೆ. ಇದ್ದರೂ ಅದು ಫ್ರೆಂಚ್ ಸಿಪಾಯಿಗಳ ಕೂಟ. ಮೈಸೂರಿನ ಆಡಳಿತಕ್ಕೂ ಅದಕ್ಕೂ ಸಂಬಂಧ ಹಚ್ಚಬೇಡಿ.

ಹಾಗೇ ಇನ್ನೊಂದು, ಪರೀಕ್ಷೆ ಬರೆಯುವವರಿಗೆ. ನಮ್ಮ ಸಂವಿಧಾನದ ಪೀಠಿಕೆಯ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ನೋಡಿ ಫ್ರೆಂಚ್ ಕ್ರಾಂತಿಯ ನಕಲು ಅಂತ ಬರೆದುಬಿಡುತ್ತಾರೆ. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಅಂಬೇಡ್ಕರ್ ತಮ್ಮ ತತ್ವ ಈ ಮೂರರಲ್ಲಿದೆ ಅಂದರು. ಅದನ್ನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನಿಂದ ಪಡೆದೆ ಅಂತಲೂ ಸ್ಪಷ್ಟವಾಗಿ ಹೇಳಿದರು.

ಸಂಜೆ_ಓದು

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ವಕೀಲ ಸರ್, ನಿಮಗೇ ಒಂದು ಪ್ರಶ್ನೆ. 1789ರಲ್ಲಿ ಆರೋಪಿಗೆ ವಕೀಲ ಸಿಕ್ಕ ಅಂದಿರಿ. ನಾಲ್ಕೈದು ವರ್ಷದಲ್ಲಿ ಅದೇ ಫ್ರಾನ್ಸಿನಲ್ಲಿ ಗಿಲೋಟಿನ್ ನಡೆಯಿತಲ್ಲ. ಆ ಹಕ್ಕು ಎಲ್ಲಿ ಹೋಯಿತು?

ಕೋರ್ಟ್‌ಹಾಲ್_ಮೂಲೆ

ಕಾನೂನು ಮಾಡಿಯೇ ತೆಗೆದರು. 1794ರ ಜೂನ್ 10ರ ಕಾನೂನು. ಕ್ರಾಂತಿಯ ನ್ಯಾಯಮಂಡಳಿಯ ಮುಂದೆ ಬರುವ ಪಿತೂರಿಗಾರರಿಗೆ ವಕೀಲರಿಲ್ಲ. ಸಾಕ್ಷಿ ಕರೆಸಬೇಕಾದ ಕಡ್ಡಾಯವಿಲ್ಲ, ನ್ಯಾಯದರ್ಶಿಗಳ ಮನಸ್ಸಿಗೆ ಬಂದರೆ ಸಾಕು. ತೀರ್ಪು ಎರಡೇ, ಬಿಡುಗಡೆ ಇಲ್ಲವೇ ಸಾವು. ಮುಂದಿನ ಏಳು ವಾರಗಳಲ್ಲಿ ಪ್ಯಾರಿಸ್ ಒಂದರಲ್ಲೇ 1,300ಕ್ಕೂ ಹೆಚ್ಚು ಜನರನ್ನು ಕೊಂದರು.

ಇದರ ಹಿಂದೆ ನಿಂತವನು ರೊಬೆಸ್ಪಿಯರ್, ರೂಸೋನ ಪರಮ ಭಕ್ತ. ಅವನೂ ವಕೀಲ. 1791ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಭೆಯಲ್ಲಿ ಎದ್ದು ನಿಂತು ಮರಣದಂಡನೆ ರದ್ದು ಮಾಡಿ ಅಂತ ವಾದಿಸಿದವನೂ ಇವನೇ. ಬಡವರಿಗೆ ಮತ ಇಲ್ಲದ್ದನ್ನು ವಿರೋಧಿಸಿದವನೂ ಹೌದು. 1794ರ ಜುಲೈ 28ರಂದು ಅವನ ಸರದಿ ಬಂದಾಗ ಗುರುತು ಹಿಡಿದು ಹೌದು ಇವನೇ ಅಂದರು, ವಿಚಾರಣೆ ಇಲ್ಲದೆ ಕಳಿಸಿದರು.

ನನಗೆ ಆ ಕಾಲದಲ್ಲಿ ಕಾಡುವ ವ್ಯಕ್ತಿ ಇನ್ನೊಬ್ಬ, ಮಾಲ್‌ಜೆರ್ಬ್. ತತ್ವಜ್ಞಾನಿ ಅಲ್ಲ, ರಾಜನ ಅಧಿಕಾರಿ. ಪುಸ್ತಕಗಳ ಮೇಲಿನ ಸೆನ್ಸಾರ್ ಖಾತೆ ಇವನ ಕೈಯಲ್ಲಿತ್ತು. 1752ರಲ್ಲಿ ವಿಶ್ವಕೋಶದ ಹಸ್ತಪ್ರತಿಗಳನ್ನು ಜಪ್ತಿ ಮಾಡಿ ಅಂತ ಆದೇಶ ಬಂದಾಗ ಅದರ ಸಂಪಾದಕ ದಿದೆರೋಗೆ ಮುಂಚೆಯೇ ಹೇಳಿ ಕಳಿಸಿ, ಆ ಕಾಗದಗಳನ್ನು ತನ್ನ ಮನೆಯಲ್ಲೇ ಬಚ್ಚಿಟ್ಟ. ಪ್ರಾಟೆಸ್ಟೆಂಟರ ಹುಟ್ಟು, ಮದುವೆ, ಸಾವಿಗೆ ಕಾನೂನಿನ ಮಾನ್ಯತೆ ಕೊಟ್ಟ 1787ರ ಶಾಸನದ ಹಿಂದೆ ಇವನ ಶ್ರಮ ಇದೆ. ಕಲಾಸ್ ಸತ್ತ 25 ವರ್ಷಕ್ಕೆ ಅದು ಬಂತು. ಕೊನೆಗೆ 1792ರಲ್ಲಿ ಲೂಯಿ 16ರ ವಿಚಾರಣೆ ನಡೆದಾಗ, 71ನೇ ವಯಸ್ಸಿನಲ್ಲಿ, ರಾಜನ ಪರ ವಕೀಲನಾಗಿ ನಾನು ನಿಲ್ಲುತ್ತೇನೆ ಅಂತ ತಾನಾಗಿ ಮುಂದೆ ಬಂದ. 1794ರ ಏಪ್ರಿಲಿನಲ್ಲಿ ಅವನನ್ನೂ, ಮಗಳನ್ನೂ, ಮೊಮ್ಮಗಳನ್ನೂ ಒಟ್ಟಿಗೆ ಗಿಲೋಟಿನ್‌ಗೆ ಕಳಿಸಿದರು.

ನಿಮ್ಮ ಬಾಣದ ಗುರುತಿಗೆ ನನ್ನ ತಕರಾರು ಇದೇ. ಪುಸ್ತಕ ಮತ್ತು ಕಾನೂನಿನ ನಡುವೆ ಒಬ್ಬ ವಿಧವೆ ಇದ್ದಾಳೆ, ಮೂರು ನಾಲ್ಕು ವಕೀಲರಿದ್ದಾರೆ, ಕಡತ ತೆಗೆಸಿದ ಒಂದು ಆದೇಶ ಇದೆ, ಆದೇಶ ಪಾಲಿಸದ ಒಬ್ಬ ಅಧಿಕಾರಿ ಇದ್ದಾನೆ.

ಲೆಕ್ಕಪತ್ರ

ಟಸ್ಕನಿ 1790ರಲ್ಲೇ ಕೆಲವು ಅಪರಾಧಗಳಿಗೆ ಮರಣದಂಡನೆ ವಾಪಸ್ ತಂದಿತು ಅನ್ನೋದನ್ನೂ ನೋಟ್ಸ್‌ನಲ್ಲಿ ಬರೆದುಕೊಳ್ಳಿ. ನನ್ನ ಕಲ್ಲು ನಾನು ವಾಪಸ್ ತೆಗೆದುಕೊಂಡಿಲ್ಲ.

ಸಂಜೆ_ಓದು

ಬರೆದುಕೊಂಡೆ ಸರ್. ಓದೋಕೆ ಯಾವುದರಿಂದ ಶುರು ಮಾಡಲಿ? ಮಾಂಟೆಸ್ಕ್ಯೂ ನೋಡಿದರೆ ದಿಂಬಿನಷ್ಟು ದಪ್ಪ ಇದೆ.

ಕೋರ್ಟ್‌ಹಾಲ್_ಮೂಲೆ

ಬೆಕಾರಿಯಾ ಸಣ್ಣ ಪುಸ್ತಕ, ಚಿತ್ರಹಿಂಸೆಯ ಅಧ್ಯಾಯ ಮೊದಲು ಓದಿ. ಮಾಂಟೆಸ್ಕ್ಯೂನಲ್ಲಿ 11 ಮತ್ತು 12ನೇ ಭಾಗ ಸಾಕು. ಆಮೇಲೆ 1789ರ ಘೋಷಣೆ ಮತ್ತು ಒಲಿಂಪ್ ದ ಗೂಜ್ ಬರೆದದ್ದನ್ನು ಅಕ್ಕಪಕ್ಕ ಇಟ್ಟು ಓದಿ, ಮಲೆನಾಡಿನವರು ಹೇಳಿದ್ದು ಸರಿ.

ಮಲೆನಾಡು_ಮಳೆ

ಕೊಂಡೋರ್ಸೆಯ 1790ರ ಬರಹವನ್ನೂ ಸೇರಿಸಿ. ಕೆಲವೇ ಪುಟ.